ಹಸ್ತಪ್ರತಿಸೂಚಿಗಳಲ್ಲಿ ಸಂಯೋಗ, ಶೋಧನೆ ಮತ್ತು ಸಂಖ್ಯೆ: ಮರ್ಕಂಜದ ಒಂದು ಸಾಲನ್ನು ಕುರಿತು

೧

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸುವಿದಿತವಾದ ಸಂಗತಿ. ಈ ಶಾಸ್ತ್ರದಾನವನ್ನು ಪ್ರತಿಗಳ ಲೆಕ್ಕದಲ್ಲಿ ನೋಡಿದರೆ ಸಂಖ್ಯೆ ೧೦೦೦. ಕೃತಿಗಳ ಲೆಕ್ಕದಲ್ಲಿ ನೋಡಿದರೆ ೧. ಎರಡೂ ಸತ್ಯವೇ. ಆದರೆ ‘ಎಷ್ಟು ಗ್ರಂಥಗಳು?’ ಎಂದು ಮಾತ್ರ ಕೇಳಿದವನಿಗೆ ಇವುಗಳಲ್ಲಿ ಯಾವುದನ್ನು ಹೇಳಬೇಕೆಂಬುದು ಆ ಪ್ರಶ್ನೆಯಿಂದ ತಿಳಿಯುವುದಿಲ್ಲ.

‘ಗ್ರಂಥ’ ಎಂಬ ಶಬ್ದವೇ ಈ ಸಂದಿಗ್ಧತೆಗೆ ಎಡೆಮಾಡಿಕೊಡುತ್ತದೆ. ಕರ್ತೃವು ರಚಿಸಿದ ಕೃತಿ ಗ್ರಂಥ; ಭಂಡಾರದಲ್ಲಿ ಕೈಗೆ ಸಿಗುವ ಓಲೆಯ ಕಟ್ಟೂ ಗ್ರಂಥ; ಮೂವತ್ತೆರಡು ಅಕ್ಷರಗಳ ಪರಿಮಾಣವೂ ಗ್ರಂಥ. ಧವಲಾ ಟೀಕೆಯು ೭೨,೦೦೦ ಗ್ರಂಥಪ್ರಮಾಣದ್ದು ಎಂಬ ಪರಂಪರೆಯ ಮಾತಿನಲ್ಲಿ ಬರುವುದು ಈ ಮೂರನೆಯ ಅರ್ಥ. ಪಂಡಿತರು ಸಂದರ್ಭವರಿತು ಅರ್ಥವನ್ನು ನಿರ್ಣಯಿಸಿಕೊಳ್ಳುತ್ತಾರೆ. ಗಣಕಯಂತ್ರಕ್ಕೆ ಆ ವಿವೇಕವಿಲ್ಲ. ಅದು ತನ್ನ ಮುಂದಿರುವ ಸಾಲುಗಳನ್ನು ಎಣಿಸುತ್ತದೆ. ಆ ಸಾಲು ಯಾವುದರ ಸಾಲು ಎಂಬುದನ್ನು ವಿಚಾರಿಸುವುದಿಲ್ಲ.

ಹಸ್ತಪ್ರತಿಗಳ ವಿವರಗಳು ಇಂದು ಮುದ್ರಿತ ಸೂಚಿಗಳಿಂದ ಗಣಕದ ದತ್ತಸಂಚಯಗಳಿಗೆ, ಅಂದರೆ ಡೇಟಾಬೇಸುಗಳಿಗೆ, ವರ್ಗವಾಗುತ್ತಿವೆ. ೨೦೦೩ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದ ಬಳಿಕ ಈ ಕಾರ್ಯವು ದೇಶವ್ಯಾಪಿಯಾಯಿತು. ಇಂಥ ಸಂಚಯದಿಂದ ಹೊರಬರುವ ಸಂಖ್ಯೆಗಳನ್ನು ಆಧರಿಸಿ ಯಾವ ಊರಿಗೆ ಹೋಗಬೇಕು, ಯಾವ ಭಂಡಾರಕ್ಕೆ ಮೊದಲು ಗಮನಕೊಡಬೇಕು ಎಂಬುದು ನಿರ್ಧಾರವಾಗುತ್ತದೆ. ಆದುದರಿಂದ ಆ ಸಂಖ್ಯೆಗಳು ಹೇಗೆ ಹುಟ್ಟುತ್ತವೆ, ಎಲ್ಲಿ ತಪ್ಪುತ್ತವೆ ಎಂಬುದನ್ನು ಗ್ರಂಥಸಂಶೋಧಕರು ತಿಳಿದಿರುವುದು ಅವಶ್ಯಕ. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಮರ್ಕಂಜವೆಂಬ ಗ್ರಾಮವನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

೨

ಮುದ್ರಿತ ಸೂಚಿಗಳಲ್ಲಿಯೇ ಎರಡು ಬಗೆಯ ಕ್ರಮಗಳನ್ನು ಕಾಣಬಹುದು. ಎಚ್. ಡಿ. ವೇಲಣಕರರ ಜಿನರತ್ನಕೋಶವು (೧೯೪೪) ಕೃತಿಯನ್ನು ಪ್ರಧಾನವಾಗಿ ಇಟ್ಟುಕೊಂಡಿದೆ. ಅದರಲ್ಲಿ ಕೃತಿಗಳು ಅಕಾರಾದಿಯಾಗಿ ಬರುತ್ತವೆ. ಪ್ರತಿಯೊಂದರ ಕೆಳಗೆ ಅದರ ಪ್ರತಿಗಳು ಎಲ್ಲೆಲ್ಲಿ ಇವೆಯೆಂಬ ನಿರ್ದೇಶವಿರುತ್ತದೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು (೧೯೪೮) ಭಂಡಾರವನ್ನು ಪ್ರಧಾನವಾಗಿ ಇಟ್ಟುಕೊಂಡಿದೆ. ಮೂಡುಬಿದಿರೆ, ಕಾರ್ಕಳ, ಅಳಿಯೂರುಗಳ ಓಲೆಗ್ರಂಥಗಳು ಅದರಲ್ಲಿ ವಿವರಿಸಲ್ಪಟ್ಟಿವೆ. ಮೊದಲನೆಯದರಲ್ಲಿ ನಮೂದುಗಳನ್ನು ಎಣಿಸಿದರೆ ಕೃತಿಗಳ ಸಂಖ್ಯೆ ಸಿಗುತ್ತದೆ. ಎರಡನೆಯದರಲ್ಲಿ ಎಣಿಸಿದರೆ ಪ್ರತಿಗಳ ಸಂಖ್ಯೆ ಸಿಗುತ್ತದೆ. ಒಂದರ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯೊಡನೆ ಹೋಲಿಸಲು ಬಾರದು.

ಗಣಕದ ದತ್ತಸಂಚಯವು ಈ ಎರಡು ಕ್ರಮಗಳನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಬೇರೊಂದು ಮಾರ್ಗವನ್ನು ಹಿಡಿಯುತ್ತದೆ. ೧೯೭೦ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಎಂಬ ಗಣಿತಜ್ಞನು ಪ್ರತಿಪಾದಿಸಿದ ಪದ್ಧತಿ ಇದು. ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಕೋಷ್ಟಕ. ಒಂದೊಂದು ವಸ್ತುವಿಗೆ ಒಂದೊಂದು ಸಾಲು. ಪ್ರತಿಯೊಂದು ಸಾಲಿಗೂ ಅದನ್ನು ಗುರುತಿಸುವ ಕ್ರಮಾಂಕ. ಹಸ್ತಪ್ರತಿಗಳ ವಿಷಯದಲ್ಲಿ ಊರುಗಳ ಕೋಷ್ಟಕ, ಕಟ್ಟುಗಳ ಕೋಷ್ಟಕ, ಕೃತಿಗಳ ಕೋಷ್ಟಕ ಎಂದು ಮೂರು ಬೇಕಾಗುತ್ತವೆ. ಯಾವ ಕಟ್ಟಿನಲ್ಲಿ ಯಾವ ಕೃತಿ ಇದೆಯೆಂಬುದನ್ನು ಹೇಳುವ ನಾಲ್ಕನೆಯ ಸಂಬಂಧಕೋಷ್ಟಕವೂ ಬೇಕು. ಏಕೆಂದರೆ ಒಂದು ಕೃತಿ ಹಲವು ಕಟ್ಟುಗಳಲ್ಲಿರಬಹುದು. ಒಂದು ಕಟ್ಟಿನಲ್ಲಿ ಹಲವು ಕೃತಿಗಳಿರಬಹುದು.

ಇದಕ್ಕೆ ಮೂಡುಬಿದಿರೆಯ ಸಿದ್ಧಾಂತಗ್ರಂಥಗಳೇ ಉತ್ತಮ ಸಾಕ್ಷ್ಯ. ಧವಲಾ ಟೀಕೆಗೆ ಅಲ್ಲಿ ಮೂರು ಓಲೆಪ್ರತಿಗಳಿವೆ. ಇದು ಒಂದು ಕೃತಿ, ಹಲವು ಪ್ರತಿ. ಮಹಾಧವಲವೆಂದು ಪ್ರಸಿದ್ಧವಾದ ಕಟ್ಟಿನಲ್ಲಿ ಮೊದಲು ಸತ್ಕರ್ಮಪಂಜಿಕೆಯೂ ಅನಂತರ ಮಹಾಬಂಧವೂ ಇವೆ. ಇದು ಒಂದು ಕಟ್ಟು, ಹಲವು ಕೃತಿ.

ಬೇರೆಬೇರೆಯಾಗಿರುವ ಈ ಕೋಷ್ಟಕಗಳನ್ನು ಪ್ರಶ್ನೆ ಕೇಳುವಾಗ ಕ್ರಮಾಂಕದ ಆಧಾರದಿಂದ ಕೂಡಿಸಬೇಕಾಗುತ್ತದೆ. ೧೯೭೪ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ರೂಪಿಸಿದ, ೧೯೮೬ರಲ್ಲಿ ಅಮೆರಿಕೆಯಲ್ಲಿ ಪ್ರಮಾಣೀಕೃತವಾದ ಎಸ್‌ಕ್ಯೂಎಲ್ ಎಂಬ ಪ್ರಶ್ನಭಾಷೆಯಲ್ಲಿ ಈ ಕೂಡಿಕೆಗೆ ‘ಜಾಯಿನ್’ ಎಂದು ಹೆಸರು. ಇಲ್ಲಿ ಅದನ್ನು ಸಂಯೋಗವೆಂದು ಕರೆಯಲಾಗಿದೆ. ಬೇಕಾದ ಸಾಲುಗಳನ್ನು ಉಳಿಸಿ ಬೇಡವಾದವನ್ನು ಬಿಡುವುದು ಶೋಧನೆ. ಆ ಭಾಷೆಯಲ್ಲಿ ‘ವೇರ್’. ಉಳಿದವನ್ನು ಗುಂಪುಮಾಡಿ ಲೆಕ್ಕಹಾಕುವುದು ಗಣನೆ. ಆ ಭಾಷೆಯಲ್ಲಿ ‘ಗ್ರೂಪ್ ಬೈ’ ಮತ್ತು ‘ಕೌಂಟ್’. ಮೂರು ಕ್ರಿಯೆಗಳೂ ಸರಳವೇ. ದೋಷವು ಹುಟ್ಟುವುದು ಇವು ಒಂದರ ಮೇಲೊಂದು ಬರುವ ಸಂಧಿಸ್ಥಾನದಲ್ಲಿ.

೩

ಸಂಯೋಗದ ಮೊದಲನೆಯ ಪರಿಣಾಮ ಗುಣನ. ಧವಲಾ ಕೃತಿಯ ಒಂದು ಸಾಲನ್ನು ಅದರ ಮೂರು ಪ್ರತಿಗಳೊಡನೆ ಕೂಡಿಸಿದರೆ ಮೂರು ಸಾಲುಗಳಾಗುತ್ತವೆ. ಧವಲೆಯ ಭಾಷೆ ಪ್ರಾಕೃತ ಮತ್ತು ಸಂಸ್ಕೃತಗಳ ಮಿಶ್ರಣ; ಭಾಷೆಗಳ ಕೋಷ್ಟಕದಲ್ಲಿ ಅದಕ್ಕೆ ಎರಡು ಸಾಲುಗಳಿರುತ್ತವೆ. ಪ್ರತಿಗಳನ್ನೂ ಭಾಷೆಗಳನ್ನೂ ಒಮ್ಮೆಗೇ ಕೂಡಿಸಿದರೆ ಮೂರನ್ನು ಎರಡರಿಂದ ಗುಣಿಸಿದಂತೆ ಆರು ಸಾಲುಗಳು ಬರುತ್ತವೆ. ಈಗ ‘ಎಣಿಸು’ ಎಂದರೆ ಯಂತ್ರವು ೬ ಎನ್ನುತ್ತದೆ. ಆರು ಎಂಬುದು ಕೃತಿಗಳ ಸಂಖ್ಯೆಯಲ್ಲ, ಪ್ರತಿಗಳ ಸಂಖ್ಯೆಯಲ್ಲ, ಭಾಷೆಗಳ ಸಂಖ್ಯೆಯೂ ಅಲ್ಲ. ಅದು ಪ್ರತಿ–ಭಾಷೆ ಎಂಬ ಜೋಡಿಗಳ ಸಂಖ್ಯೆ. ಅದನ್ನು ಯಾರೂ ಕೇಳಿರಲಿಲ್ಲ.

ಎಣಿಕೆಯಲ್ಲಿ ಈ ದೋಷವನ್ನು ನಿವಾರಿಸಲು ‘ಡಿಸ್ಟಿಂಕ್ಟ್’ ಎಂಬ ವಿಶೇಷಣವಿದೆ. ಒಂದೇ ಕ್ರಮಾಂಕವು ಎಷ್ಟು ಸಲ ಬಂದರೂ ಒಂದೇ ಸಲ ಎಣಿಸು ಎಂಬುದು ಅದರ ತಾತ್ಪರ್ಯ. ಕೃತಿಕ್ರಮಾಂಕವನ್ನು ಹಾಗೆ ಎಣಿಸಿದರೆ ೧, ಪ್ರತಿಕ್ರಮಾಂಕವನ್ನು ಎಣಿಸಿದರೆ ೩, ಭಾಷೆಯನ್ನು ಎಣಿಸಿದರೆ ೨ ಸರಿಯಾಗಿ ದೊರೆಯುತ್ತವೆ. ಆದರೆ ಕೂಡುವಲ್ಲಿ ಇದು ಸಾಲದು. ಗ್ರಂಥಪ್ರಮಾಣವನ್ನು ಕೂಡಿಸಲು ಹೊರಟರೆ ಧವಲೆಯ ೭೨,೦೦೦ವು ಆರು ಸಲ ಸೇರಿ ೪,೩೨,೦೦೦ ಆಗುತ್ತದೆ.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಕ, ಖ, ಗ ಎಂಬ ಮೂರು ಊರುಗಳ ಭಂಡಾರಗಳಲ್ಲಿ ಒಟ್ಟು ನಾಲ್ಕು ಕಟ್ಟುಗಳಿವೆಯೆಂದು ಭಾವಿಸಬೇಕು. ‘ಕ’ದಲ್ಲಿರುವ ಮೊದಲನೆಯ ಕಟ್ಟಿನಲ್ಲಿ ೧೦೦ ಎಲೆಗಳು, ಅ ಮತ್ತು ಆ ಎಂಬ ಎರಡು ಕೃತಿಗಳು. ಅಲ್ಲಿಯೇ ಇರುವ ಎರಡನೆಯದರಲ್ಲಿ ೬೦ ಎಲೆಗಳು, ಅ ಎಂಬ ಒಂದೇ ಕೃತಿ. ‘ಖ’ದಲ್ಲಿರುವ ಮೂರನೆಯದರಲ್ಲಿ ೧೨೦ ಎಲೆಗಳು, ಅ, ಇ, ಈ ಎಂಬ ಮೂರು ಕೃತಿಗಳು. ‘ಗ’ದಲ್ಲಿರುವ ನಾಲ್ಕನೆಯದು ಕಾಗದದ ಪ್ರತಿ, ಅದರಲ್ಲಿ ೮೦ ಹಾಳೆಗಳು, ಇ ಮತ್ತು ಉ ಎಂಬ ಎರಡು ಕೃತಿಗಳು.

ಕಟ್ಟುಗಳನ್ನೂ ಕೃತಿಗಳನ್ನೂ ಕೂಡಿಸಿದಾಗ ಎಂಟು ಸಾಲುಗಳು ಬರುತ್ತವೆ. ಕಟ್ಟುಗಳು ೪, ಕೃತಿಗಳು ೫, ಕೃತಿಗಳ ಪ್ರತಿಗಳು ೮. ಮೂರು ಸಂಖ್ಯೆಗಳೂ ಬೇರೆಬೇರೆ. ಮೂರಕ್ಕೂ ಲೋಕರೂಢಿಯಲ್ಲಿ ‘ಇಷ್ಟು ಗ್ರಂಥಗಳು’ ಎಂಬ ಹೆಸರನ್ನು ಕೊಡಬಹುದು. ಎಲೆಗಳ ನಿಜವಾದ ಮೊತ್ತ ೩೬೦. ಆದರೆ ಸಂಯೋಗದ ಬಳಿಕ ಕೂಡಿದರೆ ಮೊದಲನೆಯ ಕಟ್ಟಿನ ೧೦೦ ಎರಡು ಸಲ, ಮೂರನೆಯ ಕಟ್ಟಿನ ೧೨೦ ಮೂರು ಸಲ, ನಾಲ್ಕನೆಯ ಕಟ್ಟಿನ ೮೦ ಎರಡು ಸಲ ಬಂದು ಮೊತ್ತ ೭೮೦ ಆಗುತ್ತದೆ. ಒಂದು ಭಂಡಾರದ ಎಲೆಗಳಿಗೆ ಎಣ್ಣೆ ಹಚ್ಚಿ ಶುಚಿಗೊಳಿಸಲು ತಗಲುವ ವೆಚ್ಚವನ್ನು ಈ ಮೊತ್ತದ ಮೇಲೆ ಅಂದಾಜುಮಾಡಿದರೆ ಅದು ಇಮ್ಮಡಿಗಿಂತಲೂ ಹೆಚ್ಚಾಗುತ್ತದೆ.

ಭಿನ್ನವಾದ ಎಲೆಸಂಖ್ಯೆಗಳನ್ನು ಮಾತ್ರ ಕೂಡಿಸಿದರೆ ಸರಿಹೋಗುವುದೆಂದು ತೋರಬಹುದು. ಅದೂ ಸಾಧುವಲ್ಲ. ಎರಡು ಬೇರೆ ಕಟ್ಟುಗಳಲ್ಲಿ ಅಕಸ್ಮಾತ್ತಾಗಿ ತಲಾ ೧೦೦ ಎಲೆಗಳಿದ್ದರೆ ಆ ಕ್ರಮದಲ್ಲಿ ಒಂದು ನೂರು ಕಳೆದುಹೋಗುತ್ತದೆ. ಸಂಖ್ಯೆಗಳು ಸಮಾನವಾದ ಮಾತ್ರಕ್ಕೆ ವಸ್ತುಗಳು ಒಂದಾಗುವುದಿಲ್ಲ. ನಿರ್ದುಷ್ಟವಾದ ಮಾರ್ಗವೆಂದರೆ, ಯಾವ ಪರಿಮಾಣವು ಯಾವ ಕೋಷ್ಟಕಕ್ಕೆ ಸೇರಿದೆಯೋ ಆ ಕೋಷ್ಟಕದಲ್ಲಿಯೇ ಮೊದಲು ಅದನ್ನು ಕೂಡಿಸಿ, ಬಂದ ಮೊತ್ತವನ್ನು ಆಮೇಲೆ ಇತರ ಕೋಷ್ಟಕಗಳೊಡನೆ ಸಂಯೋಗಗೊಳಿಸುವುದು.

೪

ಎರಡನೆಯದು ಶೋಧನೆಯ ವಿಚಾರ. ಶೋಧನೆಯ ನಿಯಮವು ಒಂದು ಸಲಕ್ಕೆ ಒಂದು ಸಾಲನ್ನು ಮಾತ್ರ ಪರೀಕ್ಷಿಸುತ್ತದೆ. ಪಕ್ಕದ ಸಾಲಿನಲ್ಲಿ ಏನಿದೆಯೆಂಬುದನ್ನು ಅರಿಯದು. ‘ಪ್ರಾಕೃತವೂ ಸಂಸ್ಕೃತವೂ ಇರುವ ಕೃತಿಗಳು ಯಾವುವು?’ ಎಂಬ ಪ್ರಶ್ನೆಯನ್ನು ‘ಭಾಷೆ ಪ್ರಾಕೃತ ಮತ್ತು ಭಾಷೆ ಸಂಸ್ಕೃತ’ ಎಂದು ನೇರವಾಗಿ ಬರೆದರೆ ಒಂದು ಕೃತಿಯೂ ಹೊರಬರುವುದಿಲ್ಲ. ಧವಲೆಗೆ ಸಂಬಂಧಿಸಿದ ಒಂದು ಸಾಲಿನಲ್ಲಿ ಪ್ರಾಕೃತವಿದೆ, ಇನ್ನೊಂದರಲ್ಲಿ ಸಂಸ್ಕೃತವಿದೆ; ಎರಡೂ ಇರುವ ಸಾಲು ಇಲ್ಲವೇ ಇಲ್ಲ. ‘ಮತ್ತು’ ಎಂಬುದಕ್ಕೆ ಬದಲಾಗಿ ‘ಅಥವಾ’ ಎಂದು ಬರೆದರೆ ಧವಲೆಯೇನೋ ಬರುತ್ತದೆ. ಅದರೊಡನೆ ಕೇವಲ ಸಂಸ್ಕೃತದಲ್ಲಿರುವ ಕೃತಿಗಳೂ ಬರುತ್ತವೆ. ಇಲ್ಲಿ ಮಾಡಬೇಕಾದದ್ದು, ‘ಅಥವಾ’ ಎಂದು ಶೋಧಿಸಿ, ಕೃತಿಗಳ ಗುಂಪುಮಾಡಿ, ಯಾವ ಗುಂಪಿನಲ್ಲಿ ಭಿನ್ನಭಾಷೆಗಳು ಎರಡು ಇವೆಯೋ ಅವನ್ನು ಮಾತ್ರ ಉಳಿಸುವುದು. ಗಣನೆಯ ಬಳಿಕ ನಡೆಯುವ ಈ ಎರಡನೆಯ ಶೋಧನೆಗೆ ‘ಹ್ಯಾವಿಂಗ್’ ಎಂದು ಹೆಸರು.

ಗಣನೆಗೆ ಮೊದಲಿನ ಶೋಧನೆಯೂ ಬಳಿಕದ ಶೋಧನೆಯೂ ಒಂದೇ ಅಲ್ಲ. ಮೇಲಿನ ಕಲ್ಪಿತ ಉದಾಹರಣೆಯಲ್ಲಿ ‘ಇ’ ಎಂಬ ಕೃತಿಗೆ ಒಂದು ಓಲೆಪ್ರತಿಯೂ ಒಂದು ಕಾಗದಪ್ರತಿಯೂ ಇವೆ. ಕಾಗದವನ್ನು ಮೊದಲು ಕಳೆದು, ಎರಡು ಅಥವಾ ಹೆಚ್ಚು ಪ್ರತಿಗಳಿರುವ ಕೃತಿಗಳನ್ನು ಕೇಳಿದರೆ ‘ಅ’ ಮಾತ್ರ ಬರುತ್ತದೆ. ಎಲ್ಲ ಪ್ರತಿಗಳನ್ನೂ ಎಣಿಸಿ, ಅವುಗಳಲ್ಲಿ ಒಂದಾದರೂ ಓಲೆಯಿರುವ ಕೃತಿಗಳನ್ನು ಕೇಳಿದರೆ ‘ಅ’ ಮತ್ತು ‘ಇ’ ಎರಡೂ ಬರುತ್ತವೆ. ಗ್ರಂಥಸಂಪಾದನೆಗೆ ಪಾಠಾಂತರಗಳನ್ನು ಅರಸುವವನಿಗೆ ಎರಡನೆಯ ಪ್ರಶ್ನೆಯೇ ಬೇಕಾದದ್ದು. ಮೊದಲನೆಯದನ್ನು ಕೇಳಿದರೆ ಅವನು ‘ಇ’ ಕೃತಿಗೆ ಒಂದೇ ಪ್ರತಿ ಇದೆಯೆಂದು ತಿಳಿಯುತ್ತಾನೆ.

ಶೋಧನೆಯು ಉತ್ತರವನ್ನು ಆರಿಸುವುದಷ್ಟೇ ಅಲ್ಲ, ಆರಿಸಿದ ವಸ್ತುವನ್ನು ಕತ್ತರಿಸಲೂಬಹುದು. ‘ಭಾಷೆ ಪ್ರಾಕೃತ’ ಎಂದು ಶೋಧಿಸಿ, ಸಿಕ್ಕಿದ ಕೃತಿಗಳ ಭಾಷೆಗಳನ್ನು ತೋರಿಸೆಂದರೆ ಧವಲೆಯ ಎದುರು ಪ್ರಾಕೃತವೊಂದೇ ಕಾಣುತ್ತದೆ. ಸಂಸ್ಕೃತದ ಸಾಲು ಶೋಧನೆಯಲ್ಲಿಯೇ ಹೋಗಿರುತ್ತದೆ. ಇದನ್ನು ಕಂಡವನು ಧವಲೆಯು ಶುದ್ಧಪ್ರಾಕೃತದ ಟೀಕೆಯೆಂದು ಬರೆದರೆ ಅದು ಯಂತ್ರದ ತಪ್ಪಲ್ಲ. ಇಂಥಲ್ಲಿ ‘ಈ ಕೃತಿಗೆ ಪ್ರಾಕೃತದ ಸಾಲು ಇದೆಯೇ?’ ಎಂಬ ಅಸ್ತಿತ್ವಪರೀಕ್ಷೆಯಿಂದ ಕೃತಿಗಳನ್ನು ಆರಿಸಿಕೊಂಡು, ಭಾಷೆಗಳನ್ನು ಬೇರೆಯಾಗಿ ಕೂಡಿಸಬೇಕು. ಇನ್ನು, ಭಾಷೆ ಮತ್ತು ಲಿಪಿಗಳನ್ನು ಒಂದಾಗಿ ಭಾವಿಸಿದರಂತೂ ಮೂಡುಬಿದಿರೆಯ ಧವಲಾಪ್ರತಿಗಳು ಎಲ್ಲಿಯೂ ನಿಲ್ಲವು. ಅವುಗಳ ಲಿಪಿ ಹಳಗನ್ನಡ, ಭಾಷೆ ಕನ್ನಡವಲ್ಲ.

ಕಾಲನಿರ್ದೇಶದಲ್ಲಿ ಮತ್ತೊಂದು ತೊಡಕಿದೆ. ಪುಷ್ಪಿಕೆಯಿಲ್ಲದ, ಅಥವಾ ಕೊನೆಯ ಎಲೆ ನಷ್ಟವಾದ ಪ್ರತಿಗಳಿಗೆ ಲಿಪಿಕಾಲ ತಿಳಿಯದು. ಆ ಸ್ಥಾನವು ಕೋಷ್ಟಕದಲ್ಲಿ ರಿಕ್ತವಾಗಿರುತ್ತದೆ. ಅದಕ್ಕೆ ‘ನಲ್’ ಎಂದು ಹೆಸರು. ರಿಕ್ತವನ್ನು ೧೬೦೦ರೊಡನೆ ಹೋಲಿಸಿದರೆ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ. ‘ಅಜ್ಞಾತ’ ಎಂಬ ಮೂರನೆಯ ಬೆಲೆ. ಶೋಧನೆಯು ಹೌದೆಂಬುದನ್ನು ಮಾತ್ರ ಉಳಿಸುತ್ತದೆ. ಆದುದರಿಂದ ೧೬೦೦ಕ್ಕಿಂತ ಹಿಂದಿನವು ಇಷ್ಟು, ಹಿಂದಿನವಲ್ಲದವು ಇಷ್ಟು ಎಂದು ಎರಡು ಸಂಖ್ಯೆಗಳನ್ನು ಪಡೆದು ಕೂಡಿಸಿದರೆ ಒಟ್ಟು ಸಂಖ್ಯೆ ಬರುವುದಿಲ್ಲ. ಕಾಲವರಿಯದವು ಎರಡು ಕಡೆಯೂ ಇರುವುದಿಲ್ಲ. ಈ ಮೂರನೆಯ ಬೆಲೆಯನ್ನು ಸ್ಯಾದ್ವಾದದ ಅವಕ್ತವ್ಯಭಂಗದೊಡನೆ ಸಮೀಕರಿಸುವುದು ಯುಕ್ತವಲ್ಲ. ಅವಕ್ತವ್ಯವು ವಸ್ತುಧರ್ಮಗಳನ್ನು ಯುಗಪತ್ತಾಗಿ ಹೇಳಲಾಗದುದನ್ನು ಸೂಚಿಸುತ್ತದೆ. ನಲ್ ಎಂಬುದು ಸೂಚಿಕಾರನ ತಿಳಿವಿನ ಅಭಾವವನ್ನು ಮಾತ್ರ ಸೂಚಿಸುತ್ತದೆ.

೫

ಈಗ ಮರ್ಕಂಜದ ಸಾಲನ್ನು ಪರಿಶೀಲಿಸಬಹುದು. ಮೇಲಿನ ಉದಾಹರಣೆಯ ಕ, ಖ, ಗ ಊರುಗಳೊಡನೆ ಮರ್ಕಂಜವೂ ಊರುಗಳ ಕೋಷ್ಟಕದಲ್ಲಿ ನಾಲ್ಕನೆಯದಾಗಿ ಇದೆ. ಆದರೆ ಅದರ ಹೆಸರಿನಲ್ಲಿ ಕಟ್ಟುಗಳ ಕೋಷ್ಟಕದಲ್ಲಿ ಯಾವ ಸಾಲೂ ಇಲ್ಲ ಎಂದು ಭಾವಿಸಬೇಕು. ಪ್ರಶ್ನೆ ಇದು: ‘ಒಂದೊಂದು ಊರಿನಲ್ಲಿಯೂ ಓಲೆಯ ಕಟ್ಟುಗಳು ಎಷ್ಟು?’

ಸಾಮಾನ್ಯ ಸಂಯೋಗವು ಎರಡು ಕಡೆಯೂ ಜೊತೆ ಸಿಕ್ಕಿದ ಸಾಲುಗಳನ್ನು ಮಾತ್ರ ಉಳಿಸುತ್ತದೆ. ಮರ್ಕಂಜಕ್ಕೆ ಜೊತೆಯಿಲ್ಲ, ಆದುದರಿಂದ ಅದು ಸಂಯೋಗದಲ್ಲಿಯೇ ಬಿಟ್ಟುಹೋಗುತ್ತದೆ. ಓಲೆಯೆಂದು ಶೋಧಿಸಿದಾಗ ‘ಗ’ವೂ ಹೋಗುತ್ತದೆ. ಉತ್ತರಪಟ್ಟಿಯಲ್ಲಿ ಕ ೨, ಖ ೧ ಎಂಬ ಎರಡೇ ಸಾಲುಗಳು ಉಳಿಯುತ್ತವೆ. ಈ ಪಟ್ಟಿಯಲ್ಲಿ ಸುಳ್ಳಿಲ್ಲ. ಆದರೆ ಪಟ್ಟಿಯನ್ನು ಓದುವವನಿಗೆ ಮರ್ಕಂಜವೆಂಬ ಊರಿನ ವಿಚಾರವನ್ನು ಯಾರಾದರೂ ಕೇಳಿದ್ದರು ಎಂಬುದರ ಕುರುಹೂ ಇಲ್ಲ.

ಈ ಲೋಪವನ್ನು ತಪ್ಪಿಸಲು ‘ಲೆಫ್ಟ್ ಜಾಯಿನ್’ ಎಂಬ ವಾಮಸಂಯೋಗವಿದೆ. ಎಡಗಡೆಯ ಕೋಷ್ಟಕದ ಎಲ್ಲ ಸಾಲುಗಳನ್ನೂ ಅದು ಉಳಿಸಿಕೊಳ್ಳುತ್ತದೆ; ಜೊತೆ ಸಿಗದಿದ್ದರೆ ಬಲಗಡೆಯ ಸ್ಥಾನಗಳನ್ನು ರಿಕ್ತವಾಗಿ ಬಿಡುತ್ತದೆ. ಊರುಗಳನ್ನು ಎಡಕ್ಕಿಟ್ಟು ಕಟ್ಟುಗಳನ್ನು ಬಲಕ್ಕಿಟ್ಟರೆ ಮರ್ಕಂಜವು ಉಳಿಯುತ್ತದೆ. ಆದರೆ ಬಳಿಕ ‘ವೇರ್’ ಎಂಬಲ್ಲಿ ‘ಕಟ್ಟಿನ ದ್ರವ್ಯ ಓಲೆ’ ಎಂಬ ನಿಯಮವನ್ನು ಹಾಕಿದೊಡನೆ ಮರ್ಕಂಜದ ರಿಕ್ತಸ್ಥಾನವು ಓಲೆಯೊಡನೆ ಹೋಲಿಸಲ್ಪಟ್ಟು, ‘ಅಜ್ಞಾತ’ವೆಂದು ನಿರ್ಣಯವಾಗಿ, ಸಾಲು ಮತ್ತೆ ಕಳೆದುಹೋಗುತ್ತದೆ. ವಾಮಸಂಯೋಗದಿಂದ ಪಡೆದುದನ್ನು ಶೋಧನೆಯು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಅನುಭವಸ್ಥರೂ ಬೀಳುವ ಕುಳಿ ಇದು. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಪರಿಹಾರವೆಂದರೆ, ಬಲಗಡೆಯ ಕೋಷ್ಟಕಕ್ಕೆ ಸೇರಿದ ನಿಯಮವನ್ನು ಸಂಯೋಗದ ನಿಯಮದೊಳಗೆ, ‘ಆನ್’ ಎಂಬಲ್ಲಿ, ಇಡುವುದು. ಆಗ ಅದರ ಅರ್ಥ ‘ಓಲೆಯ ಕಟ್ಟು ಸಿಕ್ಕಿದರೆ ಜೊತೆಮಾಡು, ಸಿಗದಿದ್ದರೆ ಊರನ್ನು ಹಾಗೆಯೇ ಉಳಿಸು’ ಎಂದಾಗುತ್ತದೆ. ‘ವೇರ್’ನಲ್ಲಿ ಇಟ್ಟರೆ ಅರ್ಥ ‘ಓಲೆಯ ಕಟ್ಟು ಇಲ್ಲದ ಊರನ್ನು ಬಿಡು’ ಎಂದಾಗುತ್ತದೆ. ಶಬ್ದಗಳು ಒಂದೇ, ಸ್ಥಾನಭೇದದಿಂದ ಅರ್ಥಭೇದ.

ಇಷ್ಟಾದರೂ ಎಣಿಕೆಯಲ್ಲಿ ಇನ್ನೊಂದು ಅಪಾಯ ಉಳಿದಿದೆ. ಸಾಲುಗಳನ್ನು ಎಣಿಸೆಂದರೆ ಮರ್ಕಂಜದ ಎದುರು ೧ ಎಂದು ಬರುತ್ತದೆ. ರಿಕ್ತವಾಗಿದ್ದರೂ ಸಾಲು ಸಾಲೇ. ‘ಗ’ಕ್ಕೂ ಹಾಗೆಯೇ ೧ ಬರುತ್ತದೆ. ಒಟ್ಟು ಮೊತ್ತ ೫. ಇರುವ ಓಲೆಯ ಕಟ್ಟುಗಳು ೩ ಮಾತ್ರ. ಇಲ್ಲದ ಎರಡು ಹಸ್ತಪ್ರತಿಗಳು ಎಣಿಕೆಯಿಂದಲೇ ಹುಟ್ಟಿದವು. ಸಾಲನ್ನು ಬಿಟ್ಟು ಕಟ್ಟಿನ ಕ್ರಮಾಂಕವನ್ನು ಎಣಿಸೆಂದರೆ ರಿಕ್ತಸ್ಥಾನಗಳು ಲೆಕ್ಕಕ್ಕೆ ಬಾರದೆ ಕ ೨, ಖ ೧, ಗ ೦, ಮರ್ಕಂಜ ೦ ಎಂಬ ಸರಿಯಾದ ಉತ್ತರ ದೊರೆಯುತ್ತದೆ.

ಹೀಗೆ ಒಂದೇ ಸಂಚಯದಿಂದ, ಒಂದೇ ಪ್ರಶ್ನೆಗೆ, ಮರ್ಕಂಜದ ವಿಷಯದಲ್ಲಿ ಮೂರು ಉತ್ತರಗಳು ಬಂದವು: ಊರೇ ಇಲ್ಲ, ಒಂದು ಕಟ್ಟು ಇದೆ, ಊರಿದೆ, ಕಟ್ಟು ದಾಖಲಾಗಿಲ್ಲ. ಮೂರನೆಯದು ಮಾತ್ರ ಗ್ರಾಹ್ಯ.

೬

ಆ ಸೊನ್ನೆಯ ಅರ್ಥವನ್ನೂ ವಿಚಾರಿಸಬೇಕು. ‘ಗ’ದ ಸೊನ್ನೆಯೂ ಮರ್ಕಂಜದ ಸೊನ್ನೆಯೂ ಬರೆಹದಲ್ಲಿ ಸಮಾನ. ಆದರೆ ‘ಗ’ದಲ್ಲಿ ಭಂಡಾರವನ್ನು ನೋಡಿ, ಇರುವುದು ಕಾಗದದ ಪ್ರತಿಯೆಂದು ಸೂಚಿಕಾರನು ಬರೆದಿದ್ದಾನೆ. ಮರ್ಕಂಜದಲ್ಲಿ ಯಾರಾದರೂ ಹುಡುಕಿದರೇ ಎಂಬುದನ್ನು ಊರುಗಳ ಕೋಷ್ಟಕವಾಗಲಿ ಕಟ್ಟುಗಳ ಕೋಷ್ಟಕವಾಗಲಿ ಹೇಳದು. ನ್ಯಾಯಶಾಸ್ತ್ರದಲ್ಲಿ ಅನುಪಲಬ್ಧಿಯು ಅಭಾವವನ್ನು ಸಾಧಿಸಬೇಕಾದರೆ ವಸ್ತುವು ಉಪಲಬ್ಧಿಗೆ ಯೋಗ್ಯವಾಗಿರಬೇಕೆಂಬ ನಿಯಮವುಂಟು. ನೋಡಿದಲ್ಲಿ ಕಾಣದಿದ್ದರೆ ಇಲ್ಲವೆನ್ನಬಹುದು. ನೋಡದಿದ್ದಲ್ಲಿ ಕಾಣದುದರಿಂದ ಏನೂ ಸಿದ್ಧಿಸದು. ಆದುದರಿಂದ ಯಾವ ಊರಿನಲ್ಲಿ ಯಾವ ವರ್ಷ ಸಮೀಕ್ಷೆ ನಡೆಯಿತು, ಯಾವ ಮನೆತನ ಅಥವಾ ಬಸದಿಯ ಭಂಡಾರವನ್ನು ತೆರೆದು ನೋಡಲಾಯಿತು ಎಂಬುದಕ್ಕೆ ಒಂದು ಪ್ರತ್ಯೇಕ ಕೋಷ್ಟಕವಿರಬೇಕು. ಆಗ ಸೊನ್ನೆಯು ‘ಶೋಧಿಸಿದೆ, ಇಲ್ಲ’ ಮತ್ತು ‘ಶೋಧಿಸಿಲ್ಲ’ ಎಂದು ಎರಡಾಗಿ ಒಡೆಯುತ್ತದೆ.

ಇದು ಕೇವಲ ತಾರ್ಕಿಕಸೂಕ್ಷ್ಮತೆಯಲ್ಲ. ಸುಳ್ಯದ ಸೀಮೆಯು ಪಶ್ಚಿಮಘಟ್ಟದ ಬುಡದಲ್ಲಿದೆ. ಮುಂಗಾರಿನಲ್ಲಿ ಅಲ್ಲಿ ತಿಂಗಳುಗಟ್ಟಲೆ ಮಳೆ. ತೇವ, ಬೂಷ್ಟು, ಗೆದ್ದಲು, ಹುಳು ಇವು ಓಲೆಗೆ ಶತ್ರುಗಳು. ಅಟ್ಟದ ಮೇಲೆ, ಹೊಗೆ ತಾಗುವ ಕಡೆ ಇಟ್ಟ ಕಟ್ಟುಗಳು ಎಷ್ಟೋ ಕಾಲ ಬಾಳಿದ್ದುಂಟು. ಮನೆ ಹಳೆಯದಾಗಿ ಹೊಸ ಮನೆ ಕಟ್ಟುವಾಗ ಅವು ದಿಕ್ಕುತಪ್ಪುವುದೂ ಉಂಟು. ಸಂಶೋಧಕನ ಪ್ರವಾಸಪಟ್ಟಿಯು ಸಂಚಯದ ಉತ್ತರಪಟ್ಟಿಯಿಂದ ಸಿದ್ಧವಾಗುವುದಾದರೆ, ಉತ್ತರಪಟ್ಟಿಯಲ್ಲಿ ಇಲ್ಲದ ಊರಿಗೆ ಅವನು ಹೋಗುವುದಿಲ್ಲ. ಹೋಗದುದರಿಂದ ಅಲ್ಲಿಯ ಕಟ್ಟು ದಾಖಲಾಗುವುದಿಲ್ಲ. ದಾಖಲಾಗದುದರಿಂದ ಮುಂದಿನ ಪಟ್ಟಿಯಲ್ಲಿಯೂ ಊರು ಇರುವುದಿಲ್ಲ. ಒಂದು ನಿಯಮವನ್ನು ‘ಆನ್’ನಲ್ಲಿ ಇಡದೆ ‘ವೇರ್’ನಲ್ಲಿ ಇಟ್ಟ ಮಾತ್ರದಿಂದ ಈ ಚಕ್ರಕದೋಷ ಸಂಭವಿಸುತ್ತದೆ. ಯಾವ ಊರುಗಳಲ್ಲಿ ಸೂಚಿಕಾರ್ಯ ಮೊದಲೇ ನಡೆದಿದೆಯೋ ಅವುಗಳ ಸಂಖ್ಯೆ ಬೆಳೆಯುತ್ತದೆ. ಇತರ ಊರುಗಳು ಬರಿದೆಂದು ಎಣಿಸಲ್ಪಡುತ್ತವೆ.

ಊರಿನ ಹೆಸರಿನಿಂದ ಶೋಧಿಸುವಾಗ ಮತ್ತೆರಡು ವಿಷಯಗಳು ಗಮನಾರ್ಹ. ಮೊದಲನೆಯದು, ಸಂಬಂಧದ ಬಗೆ. ಒಂದು ಪ್ರತಿಯನ್ನು ಒಂದೂರಿನಲ್ಲಿ ಬರೆದಿರಬಹುದು, ಇನ್ನೊಂದೂರಿನ ಬಸದಿಗೆ ದಾನಮಾಡಿರಬಹುದು, ಈಗ ಮೂರನೆಯ ಊರಿನ ಭಂಡಾರದಲ್ಲಿ ಇಟ್ಟಿರಬಹುದು. ಲಿಪಿಸ್ಥಾನ, ದಾನಸ್ಥಾನ, ನಿಧಾನಸ್ಥಾನ ಎಂಬ ಮೂರು ಸಂಬಂಧಗಳನ್ನು ಪ್ರತ್ಯೇಕಿಸದಿದ್ದರೆ ಒಂದೇ ಪ್ರತಿ ಮೂರು ಊರುಗಳಲ್ಲಿ ಎಣಿಕೆಗೆ ಬರುತ್ತದೆ. ಮರ್ಕಂಜದಲ್ಲಿ ಬರೆದು ಬೇರೆಡೆ ಉಳಿದ ಒಂದು ಓಲೆ ದೊರೆತರೆ ಅದು ಆ ಊರಿನ ಲೇಖನಪರಂಪರೆಗೆ ಸಾಕ್ಷಿ. ನಿಧಾನಸ್ಥಾನವನ್ನು ಮಾತ್ರ ಶೋಧಿಸುವವನಿಗೆ ಅದು ಕಾಣದು.

ಎರಡನೆಯದು, ಹೆಸರು ಮತ್ತು ಆಡಳಿತವಿಭಾಗಗಳ ಬದಲಾವಣೆ. ಮೂಡುಬಿದಿರೆಯು ಮೂಡಬಿದ್ರಿ, ಮೂಡಬಿದ್ರೆ, ಬಿದಿರೆ ಎಂದೂ ಸಂಸ್ಕೃತದಲ್ಲಿ ವೇಣುಪುರವೆಂದೂ ಬರೆಯಲ್ಪಟ್ಟಿದೆ. ಅಕ್ಷರಸಾಮ್ಯದಿಂದ ಶೋಧಿಸಿದರೆ ಒಂದು ರೂಪ ಸಿಕ್ಕಿ ಉಳಿದವು ತಪ್ಪುತ್ತವೆ. ಸುಳ್ಯವು ಪ್ರತ್ಯೇಕ ತಾಲೂಕಾಗುವ ಮೊದಲು ಆ ಪ್ರದೇಶವು ಪುತ್ತೂರು ತಾಲೂಕಿನಲ್ಲಿತ್ತು. ಹಳೆಯ ಬರೆಹದಲ್ಲಿ ‘ಪುತ್ತೂರು ತಾಲೂಕು’ ಎಂದಿರುವ ಊರನ್ನು ಇಂದಿನ ಪುತ್ತೂರಿನಲ್ಲಿ ಹುಡುಕಿದರೆ ಸಿಗದು. ಕಾಸರಗೋಡು ೧೯೫೬ರಲ್ಲಿ ಕೇರಳಕ್ಕೆ ಸೇರಿತು. ಕಾರ್ಕಳವು ೧೯೯೭ರಲ್ಲಿ ಉಡುಪಿ ಜಿಲ್ಲೆಗೆ ಸೇರಿತು. ೧೯೪೮ರ ಸೂಚಿಯನ್ನು ಸಂಚಯಕ್ಕೆ ಸೇರಿಸಿ ‘ದಕ್ಷಿಣ ಕನ್ನಡ ಜಿಲ್ಲೆ’ ಎಂದು ಇಂದಿನ ಅರ್ಥದಲ್ಲಿ ಶೋಧಿಸಿದರೆ ಕಾರ್ಕಳದ ಓಲೆಗಳು ಬಿಟ್ಟುಹೋಗುತ್ತವೆ. ಊರಿಗೆ ಬದಲಾಗದ ಒಂದು ಕ್ರಮಾಂಕವನ್ನು ಕೊಟ್ಟು, ಅದರ ನಾಮಾಂತರಗಳನ್ನೂ ಅದು ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ವಿಭಾಗದಲ್ಲಿತ್ತು ಎಂಬುದನ್ನೂ ಪ್ರತ್ಯೇಕ ಕೋಷ್ಟಕಗಳಲ್ಲಿ ಇಡುವುದೇ ಇದಕ್ಕೆ ಮಾರ್ಗ. ಆದರೆ ಆ ಕೋಷ್ಟಕಗಳನ್ನು ಕೂಡಿಸಿದಾಗ ಒಂದು ಊರಿಗೆ ಐದು ಹೆಸರಿದ್ದರೆ ಸಾಲುಗಳು ಐದಾಗುತ್ತವೆಂಬುದನ್ನು ಮರೆಯಲಾಗದು. ಮೂರನೆಯ ಭಾಗದಲ್ಲಿ ಹೇಳಿದ ಗುಣನವು ಇಲ್ಲಿಯೂ ಕಾದಿರುತ್ತದೆ.

೭

ವರ್ಗಗಳನ್ನು ಕೂಡಿಸಿ ಎಣಿಸುವ ಈ ಸಮಸ್ಯೆಯು ಆಗಮಪಂಡಿತರಿಗೆ ಅಪರಿಚಿತವಾದದ್ದಲ್ಲ. ಷಟ್ಖಂಡಾಗಮದ ಮೊದಲನೆಯ ಖಂಡವಾದ ಜೀವಸ್ಥಾನದಲ್ಲಿ ಎಂಟು ಅನುಯೋಗದ್ವಾರಗಳಿವೆ. ಅವುಗಳಲ್ಲಿ ಮೊದಲನೆಯದು ಸತ್ಪ್ರರೂ​ಪಣೆ. ಎರಡನೆಯದು ದ್ರವ್ಯಪ್ರಮಾಣಾನುಗಮ, ಅಂದರೆ ಸಂಖ್ಯಾನಿರೂಪಣೆ. ಯಾವ ಯಾವ ಸ್ಥಾನಗಳಲ್ಲಿ ಜೀವಗಳಿವೆಯೆಂಬುದನ್ನು ಮೊದಲು ಸ್ಥಾಪಿಸಿ, ಅನಂತರವೇ ಎಷ್ಟೆಂಬುದನ್ನು ಹೇಳುವ ಕ್ರಮ ಇದು. ಸಂಖ್ಯೆಯನ್ನು ಹೇಳುವಾಗಲೂ ಮೊದಲು ಓಘದಿಂದ, ಅಂದರೆ ಗುಣಸ್ಥಾನಗಳ ಸಾಮಾನ್ಯದೃಷ್ಟಿಯಿಂದ. ಬಳಿಕ ಆದೇಶದಿಂದ, ಅಂದರೆ ಗತಿ, ಇಂದ್ರಿಯ, ಕಾಯ ಮೊದಲಾದ ಹದಿನಾಲ್ಕು ಮಾರ್ಗಣೆಗಳ ವಿಶೇಷದೃಷ್ಟಿಯಿಂದ ನಿರೂಪಣೆ ನಡೆಯುತ್ತದೆ. ಒಂದೇ ಜೀವವು ಗತಿಮಾರ್ಗಣೆಯಲ್ಲಿಯೂ ಇಂದ್ರಿಯಮಾರ್ಗಣೆಯಲ್ಲಿಯೂ ಲೇಶ್ಯಾಮಾರ್ಗಣೆಯಲ್ಲಿಯೂ ಎಣಿಕೆಗೆ ಬರುತ್ತದೆ. ಆದುದರಿಂದ ಬೇರೆಬೇರೆ ಮಾರ್ಗಣೆಗಳ ಸಂಖ್ಯೆಗಳನ್ನು ಒಂದಕ್ಕೊಂದು ಕೂಡಿಸಲು ಯಾರೂ ಹೋಗುವುದಿಲ್ಲ. ಒಂದು ಜೀವದಲ್ಲಿ ಏಕಕಾಲಕ್ಕೆ ಒಂದರಿಂದ ನಾಲ್ಕರವರೆಗೆ ಜ್ಞಾನಗಳಿರಬಹುದೆಂಬುದು ತತ್ತ್ವಾರ್ಥಸೂತ್ರದ ಪ್ರಸಿದ್ಧ ವಿಚಾರ. ಮತಿಜ್ಞಾನಿಗಳನ್ನೂ ಶ್ರುತಜ್ಞಾನಿಗಳನ್ನೂ ಕೂಡಿಸಿ ಜ್ಞಾನಿಗಳ ಸಂಖ್ಯೆಯೆಂದು ಹೇಳಿದರೆ ಒಂದೇ ಜೀವವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಧವಲೆಯ ಮೂರು ಪ್ರತಿಗಳು ಎರಡು ಭಾಷೆಗಳೊಡನೆ ಕೂಡಿ ಆರಾದಲ್ಲಿಯೂ ಇದೇ ದೋಷ.

ಆಗಮದ ಗಣನೆಗೂ ದತ್ತಸಂಚಯದ ಗಣನೆಗೂ ವಿಷಯಸಾಮ್ಯವಿಲ್ಲ. ಕ್ರಮಸಾಮ್ಯ ಮಾತ್ರ ಇದೆ. ಆ ಕ್ರಮವನ್ನು ಹಸ್ತಪ್ರತಿಸೂಚಿಗೆ ಅನ್ವಯಿಸಿದರೆ ಮಾಡಬೇಕಾದ ಕಾರ್ಯಗಳು ಸ್ಪಷ್ಟವಾಗುತ್ತವೆ. ಎಣಿಸಬೇಕಾದದ್ದು ಊರೇ, ಕಟ್ಟೇ, ಪ್ರತಿಯೇ, ಕೃತಿಯೇ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಆ ವಸ್ತುವಿನ ಕೋಷ್ಟಕವೇ ಎಡಗಡೆಯಲ್ಲಿರಬೇಕು. ಬಹುತ್ವವುಳ್ಳ ಇತರ ಕೋಷ್ಟಕಗಳನ್ನು ಅವುಗಳೊಳಗೇ ಎಣಿಸಿ ಅಥವಾ ಕೂಡಿಸಿ, ಆಮೇಲೆ ಸಂಯೋಗಗೊಳಿಸಬೇಕು. ಜೊತೆಯಿಲ್ಲದ ಸಾಲುಗಳು ಉಳಿಯಬೇಕಾದರೆ ಬಲಗಡೆಯ ನಿಯಮವನ್ನು ಸಂಯೋಗದೊಳಗೆ ಇಡಬೇಕು. ಸಾಲನ್ನು ಎಣಿಸದೆ ಕ್ರಮಾಂಕವನ್ನು ಎಣಿಸಬೇಕು. ಅಜ್ಞಾತವಾದುದನ್ನು ಪ್ರತ್ಯೇಕವಾಗಿ ಎಣಿಸಿ ತೋರಿಸಬೇಕು. ಕೊನೆಯಲ್ಲಿ, ಸಂಯೋಗಕ್ಕೆ ಮೊದಲು ಮೂಲಕೋಷ್ಟಕದಲ್ಲಿದ್ದ ಸಂಖ್ಯೆಯನ್ನೂ ಬಳಿಕ ಬಂದ ಸಂಖ್ಯೆಯನ್ನೂ ಹೋಲಿಸಿ, ಏರಿದ್ದರೆ ಎಲ್ಲಿ ಗುಣಿತವಾಯಿತು, ಇಳಿದಿದ್ದರೆ ಎಲ್ಲಿ ಶೋಧಿತವಾಯಿತು ಎಂಬುದನ್ನು ಪರೀಕ್ಷಿಸಬೇಕು.

ಪ್ರಕಟಿಸುವ ಪ್ರತಿಯೊಂದು ಸಂಖ್ಯೆಯೊಡನೆ ಅದು ಯಾವುದರ ಸಂಖ್ಯೆ, ಯಾವ ನಿಯಮದಿಂದ ಶೋಧಿತವಾದದ್ದು, ಯಾವ ಊರುಗಳನ್ನು ನೋಡಿ ಬರೆದದ್ದು ಎಂಬ ಮೂರು ಮಾತುಗಳನ್ನು ಸೇರಿಸುವುದು ಸೂಚಿಕಾರರ ಕರ್ತವ್ಯ. ಹಾಗೆ ಸೇರಿಸಿದ ಪಟ್ಟಿಯಲ್ಲಿ ಮರ್ಕಂಜದ ಎದುರು ‘೦, ಶೋಧಿಸಿಲ್ಲ’ ಎಂದಿದ್ದರೆ ಸಾಕು. ಮುಂದಿನ ಬೇಸಗೆಯಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವವನು ತನ್ನ ಪಟ್ಟಿಯಲ್ಲಿ ಆ ಊರನ್ನು ಬರೆದುಕೊಳ್ಳುತ್ತಾನೆ.